ಬೇಲಿ ಯಾರದು, ಹೊಲ ಯಾರದು?

ಸ್ಪೇನ್ ದೇಶದ ಸಂವಿಧಾನದ 47ನೆಯ ವಿಧಿ ಹೇಳೋದು ಇಷ್ಟು: ಸ್ಪೇನಿನ ಪ್ರಜೆಗಳೆಲ್ಲರಿಗೂ ಮರ್ಯಾದೆಯಿಂದ ಬಾಳಲು ತಕ್ಕಂಥ ಮನೆಯ ಹಕ್ಕಿದೆ. ಹೀಗೆ ಬರೆದುಕೊಂಡ ದೇಶದಲ್ಲೇ 2008ರ ನಂತರದ ವರ್ಷಗಳಲ್ಲಿ ಲಕ್ಷಗಟ್ಟಲೆ ಜಪ್ತಿ ಕೇಸುಗಳು ಕೋರ್ಟಿಗೆ ಬಂದವು. ಅಮೀನ ಬಂದ, ಪೊಲೀಸರು ಬಂದರು, ಹಳೆ ಬೀಗ ತೆಗೆದು ಹೊಸ ಬೀಗ ಹಾಕಿದರು. ಬೀದಿಗೆ ಬಿದ್ದವರು ಕೇಳಿದರು: ಸಂವಿಧಾನದಲ್ಲಿ ಬರೆದ ನಮ್ಮ ಹಕ್ಕು ಎಲ್ಲಿ ಹೋಯಿತು? ಅದು ಎಲ್ಲೂ ಹೋಗಿರಲಿಲ್ಲ. ಅದೇ ಪುಸ್ತಕದಲ್ಲಿ ಆರು ವಿಧಿ ಆಚೆಗೆ, 53ನೆಯ ವಿಧಿಯಲ್ಲಿ, ಅದರ ಸುತ್ತ ಮೊದಲೇ ಬೇಲಿ ಕಟ್ಟಿದ್ದರು.

ದೂರದ ಸ್ಪೇನಿನ ಗೊಡವೆ ನಮಗ್ಯಾಕೆ ಅಂತ ಗೆಳೆಯರು ಕೇಳಬಹುದು. ನಮ್ಮ ಕೇರಿಯ ನೀರಿನ ಜಗಳವೇ ಮುಗಿದಿಲ್ಲ, ಮ್ಯಾಡ್ರಿಡ್ಡಿನ ಕೋರ್ಟು ಕಟ್ಟಿಕೊಂಡು ಏನು ಮಾಡೋಣ ಅನ್ನಬಹುದು. ನಾವು ಅಕ್ಷರ ಕಂಡ ಮೊದಲ ತಲೆಮಾರಿನವರು. ನಮ್ಮ ಹಿರೀಕರು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಏನು ಬರೆದಿದೆ ಅಂತ ಅವರಿಗೆ ಓದಿ ಹೇಳಿದವರು ಬರೆಸಿಕೊಂಡವರೇ ಆಗಿದ್ದರು. ಕಾಗದ ಕೊಟ್ಟದ್ದು ಎಷ್ಟು, ಕೊಟ್ಟ ಹಾಗೆ ಮಾಡಿ ಹಿಡಿದಿಟ್ಟುಕೊಂಡದ್ದು ಎಷ್ಟು ಅನ್ನೋ ಲೆಕ್ಕ ನಮಗೆ ಹೊಟ್ಟೆಯ ಲೆಕ್ಕ. ಬೇರೆ ದೇಶದ ಬಡವರು ಈ ಲೆಕ್ಕವನ್ನು ಹೇಗೆ ಮಾಡಿದರು ಅಂತ ತಿಳಿದರೆ ನಮ್ಮ ಲೆಕ್ಕವೂ ತಿಳಿಯಾದೀತು. ನಮ್ಮ ಮುಂದಿರೋ ಪ್ರಶ್ನೆಗಳು ಮೂರು. ಹಕ್ಕಿಗೆ ಮಿತಿ ಇರಬೇಕೆ? ಇದ್ದರೆ ಯಾರನ್ನು ಕಾಯಲು? ಮಿತಿಯೇ ಅನ್ಯಾಯವಾದಾಗ ಅದನ್ನು ದಾಟುವುದು ಸರಿಯೆ?

ಆ ಸಂವಿಧಾನವನ್ನು ಹಗುರವಾಗಿ ನೋಡಲು ನಾವು ತಯಾರಿಲ್ಲ. ಅಂತರ್ಯುದ್ಧದಲ್ಲಿ ಗೆದ್ದ ಫ್ರಾಂಕೊ 1939ರಿಂದ 1975ರ ನವೆಂಬರ್‌ನಲ್ಲಿ ಸಾಯುವ ತನಕ ಆ ದೇಶವನ್ನು ಬೂಟುಗಾಲಿನ ಕೆಳಗೆ ಇಟ್ಟುಕೊಂಡಿದ್ದ. ಬೇರೆ ಪಕ್ಷ ಕಟ್ಟುವಂತಿರಲಿಲ್ಲ, ಸ್ವತಂತ್ರ ಕಾರ್ಮಿಕ ಸಂಘ ಕಟ್ಟುವಂತಿರಲಿಲ್ಲ. ಅಂಥ ಕತ್ತಲಿನಿಂದ ಎದ್ದುಬಂದ ಜನ 1978ರ ಡಿಸೆಂಬರ್ 6ರಂದು ಓಟು ಹಾಕಿ ಈ ಸಂವಿಧಾನವನ್ನು ಒಪ್ಪಿಕೊಂಡರು. ಹುಟ್ಟು, ಜನಾಂಗ, ಲಿಂಗ, ಧರ್ಮ, ಅಭಿಪ್ರಾಯಗಳ ಕಾರಣಕ್ಕೆ ಭೇದ ಮಾಡಬಾರದು ಅನ್ನುತ್ತದೆ 14ನೆಯ ವಿಧಿ. ಪಟ್ಟಿಯಲ್ಲಿ 'ಹುಟ್ಟು' ಅನ್ನೋ ಪದವೇ ಮೊದಲು ಬರುತ್ತದೆ. ಹುಟ್ಟಿನ ಕಾರಣಕ್ಕೆ ಊರ ಹೊರಗೆ ಇಟ್ಟವರಿಗೆ ಆ ಪದದ ಭಾರ ಗೊತ್ತು. ಚಿತ್ರಹಿಂಸೆ ಕೂಡದು. ಹಿಡಿದವರನ್ನು 72 ಗಂಟೆಯೊಳಗೆ ಬಿಡಬೇಕು, ಇಲ್ಲವೆ ನ್ಯಾಯಾಧೀಶರ ಕೈಗೆ ಒಪ್ಪಿಸಬೇಕು. ಆಯುಧವಿಲ್ಲದೆ ಸಭೆ ಸೇರಲು ಯಾರ ಅಪ್ಪಣೆಯೂ ಬೇಡ. ದುಡಿಯುವವರಿಗೆ ಮುಷ್ಕರದ ಹಕ್ಕಿದೆ. ಇವೆಲ್ಲ ಜೈಲು ಕಂಡವರು, ಗುಂಡು ತಿಂದವರು ಗಳಿಸಿಕೊಟ್ಟದ್ದು.

ಆದರೆ ಈ ಹಕ್ಕುಗಳೆಲ್ಲ ಒಂದೇ ಪಂಕ್ತಿಯಲ್ಲಿ ಕೂತಿಲ್ಲ. ನಮ್ಮೂರ ಮದುವೆ ಊಟಗಳಲ್ಲಿ ಮೊದಲ ಪಂಕ್ತಿ ಯಾರದು, ಎರಡನೆಯದು ಯಾರದು, ಹೊರಗೆ ನಿಂತು ಉಳಿದದ್ದನ್ನು ಕಟ್ಟಿಸಿಕೊಂಡವರು ಯಾರು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಪೇನಿನ ಸಂವಿಧಾನವೂ ಹಕ್ಕುಗಳನ್ನು ಮೂರು ಪಂಕ್ತಿ ಮಾಡಿದೆ. ಮೊದಲನೆಯದರಲ್ಲಿ ಸಮಾನತೆ, ಜೀವ, ಮಾತು, ಸಭೆ, ಸಂಘ, ಶಿಕ್ಷಣ, ಮುಷ್ಕರ. ಇವಕ್ಕೆ ಪೆಟ್ಟು ಬಿದ್ದರೆ ತುರ್ತು ವಿಚಾರಣೆ ಕೇಳಬಹುದು; ಕೆಳಗಿನ ಕೋರ್ಟುಗಳು ಕೈಬಿಟ್ಟರೆ 'ಅಂಪಾರೊ' ಅನ್ನೋ ರಕ್ಷಣೆಯ ಅರ್ಜಿ ಹಿಡಿದು ಸಂವಿಧಾನ ನ್ಯಾಯಾಲಯದ ಬಾಗಿಲು ತಟ್ಟಬಹುದು. ಎರಡನೆಯದರಲ್ಲಿ ಆಸ್ತಿ, ಉದ್ಯಮ, ಕೆಲಸ, ಮದುವೆ. ಇವಕ್ಕೆ ಅಂಪಾರೊ ಇಲ್ಲದಿದ್ದರೂ ಇವುಗಳ ತಿರುಳನ್ನು ಯಾವ ಶಾಸನವೂ ಮುಟ್ಟುವಂತಿಲ್ಲ. ಮೂರನೆಯದರಲ್ಲಿ ಆರೋಗ್ಯ, ಮನೆ, ಪರಿಸರ, ಮುಪ್ಪಿನ ಪಿಂಚಣಿ. ಇವಕ್ಕೆ ನಿರ್ದೇಶಕ ತತ್ವಗಳು ಅಂತ ಹೆಸರು. ಇವನ್ನು ಜಾರಿಗೆ ತರುವ ಬೇರೆ ಶಾಸನ ಬಂದರೆ ಮಾತ್ರ, ಆ ಶಾಸನ ಹೇಳಿದಷ್ಟು ಮಾತ್ರ, ಕೋರ್ಟಿನಲ್ಲಿ ಕೇಳಬಹುದು. ಆಸ್ತಿ ಒಳಗೆ ಕೂತು ಉಣ್ಣುತ್ತಿದೆ, ಮನೆ ಹೊರಗೆ ನಿಂತಿದೆ.

ಇದರ ಫಲ ಏನಾಯ್ತು ಅಂತ ನೋಡೋಣ. ಆ ದೇಶದ ಸಿವಿಲ್ ಸಂಹಿತೆ 1889ರದು. ಸಾಲ ಮಾಡಿದವನು ತನಗೆ ಈಗಿರುವ ಮತ್ತು ಮುಂದೆ ಬರುವ ಎಲ್ಲ ಆಸ್ತಿಯಿಂದಲೂ ಸಾಲಕ್ಕೆ ಹೊಣೆ ಅಂತ ಅದು ಹೇಳುತ್ತದೆ. ಒಂದು ಲೆಕ್ಕ ಹಾಕಿ. 2 ಲಕ್ಷ ಯುರೋ ಬೆಲೆ ಕಟ್ಟಿದ ಮನೆ, ಅಷ್ಟೇ ಸಾಲ. ಕೆಲಸ ಹೋಯ್ತು, ಕಂತು ನಿಂತಿತು, ಮನೆ ಹರಾಜಿಗೆ ಬಂತು. ಊರಿಗೆ ಊರೇ ದಿವಾಳಿ ಎದ್ದಾಗ ಕೂಗುವವರು ಯಾರು? ಯಾರೂ ಬರದಿದ್ದರೆ, 2011ರ ತನಕ, ಬ್ಯಾಂಕು ಕಟ್ಟಿದ ಬೆಲೆಯ ಅರ್ಧಕ್ಕೆ ಮನೆಯನ್ನು ತಾನೇ ತೆಗೆದುಕೊಳ್ಳಬಹುದಿತ್ತು. ಅಲ್ಲಿಗೆ ಮನೆ ಹೋಯ್ತು, ಸಾಲದಲ್ಲಿ 1 ಲಕ್ಷ ಯುರೋ ಹಾಗೇ ಉಳೀತು, ಅದರ ಮೇಲೆ ಬಡ್ಡಿ, ಕೋರ್ಟು ಖರ್ಚು. 2011ರಲ್ಲಿ ಆ ಅರ್ಧವನ್ನು ನೂರಕ್ಕೆ 60 ಮಾಡಿದರು, 2013ರಲ್ಲಿ ವಾಸದ ಮನೆಗೆ 70 ಮಾಡಿದರು. 2013ರಲ್ಲಿ ಅಲ್ಲಿ ಕೆಲಸ ಹುಡುಕುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಿರುದ್ಯೋಗಿಗಳಾಗಿದ್ದರು. ಜೀತ ಅಂದರೆ ಏನು ಅಂತ ತಿಳಿದ ನಮ್ಮ ಜನಕ್ಕೆ, ತಲೆಗೆ ಸೂರಿಲ್ಲದೆ ಹೆಗಲ ಮೇಲೆ ಸಾಲ ಹೊತ್ತು ತಿರುಗುವುದನ್ನು ಬಿಡಿಸಿ ಹೇಳಬೇಕೆ?

ಸಂವಿಧಾನವನ್ನು ಅಷ್ಟು ಸುಲಭಕ್ಕೆ ತಿದ್ದಲಾಗದು ಅನ್ನೋ ಮಾತನ್ನು ಎಲ್ಲ ದೇಶದ ಬಡವರೂ ಕೇಳಿರುತ್ತಾರೆ. ಸ್ಪೇನಿನಲ್ಲಿ ಅದನ್ನು ತಿದ್ದಿದರು. 2011ರ ಆಗಸ್ಟ್‌ನಲ್ಲಿ ಮಾತೆತ್ತಿ, ಸೆಪ್ಟೆಂಬರ್ ಮುಗಿಯುವುದರೊಳಗೆ 135ನೆಯ ವಿಧಿಯನ್ನು ಬದಲಾಯಿಸಿದರು. ಎರಡು ದೊಡ್ಡ ಪಕ್ಷಗಳು ಕೈಕುಲುಕಿದವು, ಜನರ ಓಟು ಕೇಳಲಿಲ್ಲ. ಏನನ್ನು ಸೇರಿಸಿದರು? ಸರ್ಕಾರಕ್ಕೆ ಸಾಲ ಕೊಟ್ಟವರಿಗೆ ತೀರಿಸುವ ಅಸಲು ಬಡ್ಡಿಗೆ ಎಲ್ಲಕ್ಕಿಂತ ಮೊದಲ ಆದ್ಯತೆ ಅಂತ. ಮರುವರ್ಷ, 2012ರಲ್ಲಿ, ಬ್ಯಾಂಕುಗಳನ್ನು ಉಳಿಸಲು ಯುರೋಪು 10,000 ಕೋಟಿ ಯುರೋವರೆಗಿನ ಸಾಲಕ್ಕೆ ಒಪ್ಪಿತು. ಅದರಲ್ಲಿ ಸುಮಾರು 4,100 ಕೋಟಿ ಬಳಕೆಯಾಯಿತು. ಸಾಲ ಕೊಟ್ಟವರ ಹಕ್ಕನ್ನು ಒಳಪಂಕ್ತಿಗೆ ಕರೆಯಲು ಒಂದು ತಿಂಗಳು ಸಾಕಾಯಿತು. ಹೊರಗೆ ನಿಂತ ಮನೆಯ ಹಕ್ಕು ಇವತ್ತಿಗೂ ಅಲ್ಲೇ ನಿಂತಿದೆ.

ಹಾಗಾದರೆ ಮಿತಿಗಳೇ ಬೇಡವೆ? ಹಾಗನ್ನೋದು ಸುಲಭ, ಆದರೆ ಸರಿಯಲ್ಲ. ಮಾತಿನ ಸ್ವಾತಂತ್ರ್ಯ ಕೊಟ್ಟ 20ನೆಯ ವಿಧಿಯೇ ಇನ್ನೊಬ್ಬರ ಮಾನ, ಖಾಸಗಿ ಬದುಕು, ಮಕ್ಕಳ ರಕ್ಷಣೆ ಇವು ಆ ಸ್ವಾತಂತ್ರ್ಯದ ಗಡಿ ಅನ್ನುತ್ತದೆ. ಮಾತಿನಿಂದಲೇ ಮೈಲಿಗೆ ಹಚ್ಚಿಸಿಕೊಂಡ ನಾವು ಇದನ್ನು ಬೇಡ ಅನ್ನಲಾರೆವು. 72 ಗಂಟೆ ಅನ್ನೋದೂ ಒಂದು ಮಿತಿಯೇ, ಅದು ಪೊಲೀಸರ ಲಾಠಿಗೆ ಹಾಕಿದ ಮಿತಿ. ಜೀವಮಾನ ದುಡಿದು ಕೊಂಡ ಒಂದೇ ಒಂದು ಮನೆಯನ್ನು ಬಾಡಿಗೆಗೆ ಕೊಟ್ಟು, ಅದರಿಂದಲೇ ಅನ್ನ ಉಣ್ಣುವ ಮುದುಕಿಯ ಹಕ್ಕನ್ನೂ ಕಾಯಬೇಕು. ಆ ಮುದುಕಿಯನ್ನೂ ಸಾವಿರ ಮನೆ ಹಿಡಿದಿಟ್ಟುಕೊಂಡ ಕಂಪನಿಯನ್ನೂ 'ಮಾಲೀಕರು' ಅಂತ ಒಂದೇ ತಕ್ಕಡಿಗೆ ಹಾಕಿದಾಗ ಅನ್ಯಾಯ ಶುರುವಾಗುತ್ತದೆ. 2023ರ ಮೇ ತಿಂಗಳಲ್ಲಿ ಬಂದ ವಸತಿ ಕಾನೂನು ಹತ್ತಕ್ಕಿಂತ ಹೆಚ್ಚು ಮನೆ ಇಟ್ಟುಕೊಂಡವರನ್ನು ದೊಡ್ಡ ಮಾಲೀಕರು ಅಂತ ಬೇರೆ ಮಾಡಿತು. ಅಂದರೆ ಕಾನೂನಿಗೂ ಎಣಿಸಲು ಬರುತ್ತದೆ, ಎಣಿಸುವ ಮನಸ್ಸು ಬರುವುದು ತಡ. ಎಳೆ ಪೈರನ್ನು ದನ ಮೇಯದಂತೆ ಹಾಕುವ ಬೇಲಿ ಬೇಕು. ಬೇಲಿಯೇ ಎದ್ದು ಹೊಲ ಮೇಯುವಾಗ ಅದನ್ನು ಬೇಲಿ ಅಂತ ಯಾಕೆ ಕರೀಬೇಕು?

ಇನ್ನೊಂದು ಬಗೆಯ ಮಿತಿ ಇದೆ. ಅದು ಕಾನೂನಿನ ಯಾವ ಸಾಲಿನಲ್ಲೂ ಎದ್ದು ಕಾಣೋದಿಲ್ಲ. ಜಗತ್ತು ಜಿಪ್ಸಿಗಳು ಅಂತ ಕರೆಯುವ, ಸ್ಪೇನಿನಲ್ಲಿ ಹಿತಾನೊಗಳು ಅನ್ನಿಸಿಕೊಂಡ ಜನರ ಬೇರು ಉತ್ತರ ಭಾರತದ್ದು; ಅವರ ಭಾಷೆಯೇ ಅದಕ್ಕೆ ಸಾಕ್ಷಿ. 1749ರಲ್ಲಿ ಅಲ್ಲಿನ ದೊರೆ ಒಂದೇ ಏಟಿಗೆ ದೇಶದ ಹಿತಾನೊಗಳನ್ನೆಲ್ಲ ಹಿಡಿಸಲು ಹುಕುಂ ಮಾಡಿದ. 1783ರ ರಾಜಾಜ್ಞೆ ಅವರ ಉಡುಗೆ, ಭಾಷೆ, ಅಲೆಮಾರಿ ಬದುಕನ್ನು ಬಿಡಬೇಕೆಂದಿತು. 1943ರ ಪೊಲೀಸ್ ನಿಯಮಾವಳಿ ಅವರ ಮೇಲೆ ಸದಾ ಕಣ್ಣಿಡಿ ಅಂತ ಹೇಳಿತ್ತು. ಅದನ್ನು ತೆಗೆಸಲು 1978ರಲ್ಲಿ, ಹಿತಾನೊ ಸಮುದಾಯದಿಂದ ಬಂದ ಸಂಸದ ಹುವಾನ್ ದೆ ದಿಯೋಸ್ ರಮೀರೆಸ್ ಎರೆದಿಯಾ ಸಂಸತ್ತಿನಲ್ಲಿ ನಿಂತು ಮಾತಾಡಬೇಕಾಯಿತು. ಕಳ್ಳರ ಜಾತಿ ಅಂತ ಬ್ರಿಟಿಷರು ಪಟ್ಟಿ ಮಾಡಿಟ್ಟ ನಮ್ಮ ಅಲೆಮಾರಿ ಸಮುದಾಯಗಳಿಗೆ ಈ ಕತೆ ಹೊಸದಲ್ಲ.

ಈ ಸಮುದಾಯದ ಒಬ್ಬ ಹೆಣ್ಣುಮಗಳು 1971ರಲ್ಲಿ ತಮ್ಮವರ ಪದ್ಧತಿಯಂತೆ ಮದುವೆಯಾದರು. ಆರು ಮಕ್ಕಳಾದವು. ಗಂಡ ಗಾರೆ ಕೆಲಸದವರು, 19 ವರ್ಷ ಸಾಮಾಜಿಕ ವಿಮೆಗೆ ಹಣ ಕಟ್ಟಿದರು. ಸರ್ಕಾರವೇ ಅವರಿಗೆ ಕುಟುಂಬ ಪುಸ್ತಕ ಕೊಟ್ಟಿತ್ತು, ದೊಡ್ಡ ಕುಟುಂಬ ಅಂತ ಮಾನ್ಯ ಮಾಡಿತ್ತು. 2000ದಲ್ಲಿ ಗಂಡ ತೀರಿಕೊಂಡು ಈಕೆ ವಿಧವಾ ಪಿಂಚಣಿ ಕೇಳಿದಾಗ ಅದೇ ಸರ್ಕಾರ, ನಿನಗೆ ಮದುವೆಯೇ ಆಗಿಲ್ಲ ಅಂದಿತು. 2007ರಲ್ಲಿ ಸಂವಿಧಾನ ನ್ಯಾಯಾಲಯವೂ ಅದಕ್ಕೆ ತಲೆಯಾಡಿಸಿತು. ಎಲ್ಲರಿಗೂ ಒಂದೇ ನಿಯಮ, ಇದರಲ್ಲಿ ಭೇದ ಎಲ್ಲಿ ಅನ್ನೋದು ಅದರ ತರ್ಕ. ಈ ತರ್ಕ ನಮಗೆ ಚೆನ್ನಾಗಿ ಗೊತ್ತು. ಬಾಗಿಲು ಎಲ್ಲರಿಗೂ ತೆರೆದಿದೆ, ಆದರೆ ಅದನ್ನು ಒಬ್ಬರ ಎತ್ತರಕ್ಕೆ ಅಳೆದು ಇಟ್ಟಿದ್ದಾರೆ. 2009ರ ಡಿಸೆಂಬರ್ 8ರಂದು ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ಭೇದವೇ ಅಂತ ತೀರ್ಪು ಕೊಟ್ಟಿತು. ಹಾಗಂತ ಹಿತಾನೊ ಮದುವೆಯನ್ನು ಕಾನೂನು ಮಾನ್ಯ ಮಾಡಬೇಕು ಅಂತ ಆ ನ್ಯಾಯಾಲಯವೂ ಹೇಳಲಿಲ್ಲ. ಒಬ್ಬ ಹೆಣ್ಣುಮಗಳು ಗೆದ್ದರು, ಬಾಗಿಲಿನ ಅಳತೆ ಬದಲಾಗಲಿಲ್ಲ.

ಕಾಗದವಿಲ್ಲದೆ ಬಂದ ವಲಸೆಗಾರರ ಪಾಡೂ ಹೀಗೇ. 2000ದಲ್ಲಿ ಬಂದ ಕಾನೂನು ಸಭೆ, ಸಂಘ, ಮುಷ್ಕರದ ಹಕ್ಕುಗಳನ್ನು ಪರವಾನಗಿ ಇದ್ದ ವಿದೇಶಿಯರಿಗೆ ಮಾತ್ರ ಬಿಟ್ಟಿತು. 2007ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇವು ಮನುಷ್ಯರೆಂಬ ಕಾರಣಕ್ಕೇ ಸಿಗಬೇಕಾದ ಹಕ್ಕುಗಳು ಅಂದಿತು. ಒಂದೇ ವರ್ಷ, ಒಂದೇ ನ್ಯಾಯಾಲಯ, ಒಂದು ಕಡೆ ಬಾಗಿಲು ಮುಚ್ಚಿತು, ಇನ್ನೊಂದು ಕಡೆ ತೆರೆಯಿತು. ಅದಕ್ಕೇ ನ್ಯಾಯಾಲಯವನ್ನು ದೇವರು ಅಂತ ಪೂಜೆ ಮಾಡುವುದೂ ತಪ್ಪು, ಶತ್ರು ಅಂತ ದೂರ ಇಡುವುದೂ ತಪ್ಪು.

ಈಗ ಕಷ್ಟದ ಪ್ರಶ್ನೆಗೆ ಬರೋಣ. 2009ರಲ್ಲಿ ಬಾರ್ಸಿಲೋನಾದಲ್ಲಿ ಅಡಮಾನದ ಸಾಲಕ್ಕೆ ಸಿಕ್ಕಿ ನೊಂದವರು ಒಂದು ವೇದಿಕೆ ಕಟ್ಟಿದರು. ಕೆಲಸ ಕಳಕೊಂಡವರು, ಲ್ಯಾಟಿನ್ ಅಮೆರಿಕದಿಂದ, ಮೊರಾಕ್ಕೊದಿಂದ ದುಡಿಯಲು ಬಂದವರು, ಹೆಂಗಸರು, ಮುದುಕರು ವಾರಕ್ಕೊಮ್ಮೆ ಸಭೆ ಸೇರಿ ಒಬ್ಬರ ಕಾಗದ ಒಬ್ಬರು ಓದಿದರು. ಸಾಲ ತಮ್ಮ ಪಾಪ ಅಂತ ತಲೆ ತಗ್ಗಿಸಿ ಬಂದವರು, ಇಷ್ಟು ಜನರ ಪಾಪ ಒಂದೇ ಸಲ ಹೇಗೆ ಪಕ್ವವಾಯಿತು ಅಂತ ಕೇಳಲು ಕಲಿತರು. 2010ರಿಂದ ಅವರು ಇನ್ನೊಂದು ಕೆಲಸಕ್ಕೆ ಇಳಿದರು. ಅಮೀನ ಬರುವ ದಿನ ನೂರಾರು ಜನ ಆ ಮನೆಯ ಹೊಸ್ತಿಲ ಮುಂದೆ ಹೋಗಿ ಕೂತರು. ಕೈಯಲ್ಲಿ ಕಲ್ಲಿಲ್ಲ, ಕೋಲಿಲ್ಲ. ಕೋರ್ಟಿನ ಆಜ್ಞೆ ಅಲ್ಲಿಗೇ ನಿಂತಿತು. ಇದು ಸರಿಯೆ?

ನಮಗೆ ಇದು ಸುಲಭದ ಪ್ರಶ್ನೆಯಲ್ಲ, ಯಾಕೆಂದರೆ ಬಾಬಾಸಾಹೇಬರು ನಮ್ಮನ್ನು ತಡೆದು ನಿಲ್ಲಿಸುತ್ತಾರೆ. 1927ರಲ್ಲಿ ಮಹಾಡದ ಕೆರೆಗೆ ಇಳಿದ, 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲಿಗೆ ಜನರನ್ನು ಕರೆತಂದ ಅದೇ ಅಂಬೇಡ್ಕರ್, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನಿಂತು, ಸಂವಿಧಾನದ ದಾರಿಗಳು ತೆರೆದಿರುವಾಗ ಕಾನೂನುಭಂಗ, ಸತ್ಯಾಗ್ರಹಗಳನ್ನು ಬಿಡಬೇಕು ಅಂದರು. ಇದನ್ನು ಮರೆತು ಬೀದಿಗೆ ಇಳಿಯುವವರು ಅವರ ಫೋಟೊ ಹೊತ್ತು ತಿರುಗಿ ಪ್ರಯೋಜನವಿಲ್ಲ. ಅವರು ಹಾಗಂದದ್ದಕ್ಕೆ ಕಾರಣವಿದೆ. ಎಲ್ಲರೂ ತಮಗೆ ಬೇಡವಾದ ಕಾನೂನು ಮುರಿಯತೊಡಗಿದರೆ ಮೊದಲು ಮುರಿಯುವವನು ಊರ ಗೌಡ, ಮೊದಲು ಸಾಯುವವನು ನಮ್ಮವನು. ಕಾನೂನು ಇಲ್ಲದ ಊರಲ್ಲಿ ಬಲ ಇದ್ದವನದೇ ಕಾನೂನು.

ಆದರೆ ಅವರ ಮಾತಿನಲ್ಲೇ ಒಂದು ಷರತ್ತಿದೆ: ದಾರಿ ತೆರೆದಿರುವಾಗ. ಸ್ಪೇನಿನಲ್ಲಿ ದಾರಿ ತೆರೆದಿತ್ತೆ? ಅಲ್ಲಿನ ಜಪ್ತಿ ವಿಚಾರಣೆಯಲ್ಲಿ ಸಾಲದ ಕರಾರಿನ ಷರತ್ತೇ ಅನ್ಯಾಯದ್ದು ಅಂತ ವಾದಿಸಿ ಹರಾಜು ನಿಲ್ಲಿಸುವಂತಿರಲಿಲ್ಲ. ಬೇಕಾದರೆ ಬೇರೆ ಕೇಸು ಹಾಕು, ಅದು ಮುಗಿಯುವ ಹೊತ್ತಿಗೆ ಮನೆ ಹೋಗಿರುತ್ತದೆ. 2011ರಲ್ಲಿ ಒಬ್ಬ ನ್ಯಾಯಾಧೀಶರೇ ಇದು ಸಂವಿಧಾನಕ್ಕೆ ಒಪ್ಪುತ್ತದೆಯೇ ಅಂತ ಕೇಳಿದಾಗ ಸಂವಿಧಾನ ನ್ಯಾಯಾಲಯ ಆ ಪ್ರಶ್ನೆಯನ್ನು ತಳ್ಳಿಹಾಕಿತು. ಮೊರಾಕ್ಕೊ ಮೂಲದ ಒಬ್ಬ ಸಾಲಗಾರನ ಕೇಸಿನಲ್ಲಿ ಬಾರ್ಸಿಲೋನಾದ ಇನ್ನೊಂದು ಕೋರ್ಟು ಅದೇ ಬಗೆಯ ಪ್ರಶ್ನೆಯನ್ನು ಲಕ್ಸೆಂಬರ್ಗಿನ ಯುರೋಪ್ ನ್ಯಾಯಾಲಯಕ್ಕೆ ಕಳಿಸಿತು. 2013ರ ಮಾರ್ಚ್ 14ರಂದು ಉತ್ತರ ಬಂತು: ಸ್ಪೇನಿನ ಈ ಪದ್ಧತಿ ಯುರೋಪಿನ ಗ್ರಾಹಕ ರಕ್ಷಣೆಯ ನಿಯಮಕ್ಕೆ ವಿರುದ್ಧ. ಬಾಗಿಲು ಮುಚ್ಚಿತ್ತು ಅಂತ ಹೊಸ್ತಿಲಲ್ಲಿ ಕೂತವರು ಮೂರು ವರ್ಷದಿಂದ ಹೇಳುತ್ತಿದ್ದದ್ದನ್ನು ದೊಡ್ಡ ಕೋರ್ಟು ಕೊನೆಗೆ ಬರೆದುಕೊಟ್ಟಿತು.

ಅವರು ಬರೀ ಕೂತಿರಲಿಲ್ಲ ಅನ್ನೋದನ್ನೂ ಗಮನಿಸಬೇಕು. 5 ಲಕ್ಷ ಸಹಿ ಕೂಡಿಸಿದರೆ ಜನರೇ ಮಸೂದೆ ತರಬಹುದು ಅನ್ನುತ್ತದೆ 87ನೆಯ ವಿಧಿ. ಬೀಗದಕೈ ಒಪ್ಪಿಸಿದರೆ ಸಾಲ ತೀರಬೇಕು ಅನ್ನೋ ಮಸೂದೆಗೆ ಇವರು 14 ಲಕ್ಷಕ್ಕೂ ಹೆಚ್ಚು ಸಹಿ ತಂದರು. ಸಂಸತ್ತು 2013ರಲ್ಲಿ ಅದನ್ನು ಚರ್ಚೆಗೆ ತೆಗೆದುಕೊಂಡು, ತಿರುಳು ತೆಗೆದು ಸಿಪ್ಪೆ ಉಳಿಸಿತು. ತೀರಾ ಕಷ್ಟದಲ್ಲಿರುವ ಕೆಲವರಿಗೆ ತಾತ್ಕಾಲಿಕ ತಡೆ ಸಿಕ್ಕಿತು. ಬೀಗದಕೈಯ ಮಾತು ಬಿದ್ದುಹೋಯಿತು. 87ನೆಯ ವಿಧಿಗೂ ಒಂದು ಬೇಲಿ ಇದೆ: ಮೂಲಭೂತ ಹಕ್ಕುಗಳನ್ನು ವಿಸ್ತರಿಸುವ ಶಾಸನವನ್ನು, ತೆರಿಗೆಯ ಶಾಸನವನ್ನು ಜನ ಸಹಿ ಹಾಕಿ ತರುವಂತಿಲ್ಲ. 2017ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು, ಮ್ಯಾಡ್ರಿಡ್ಡಿನಲ್ಲಿ ಬಾಡಿಗೆ ಕೋಣೆಯಿಂದ ಹೊರಬಿದ್ದ ಒಂದು ಕುಟುಂಬದ ವಸತಿ ಹಕ್ಕಿಗೆ ಸ್ಪೇನ್ ಭಂಗ ತಂದಿದೆ ಅಂದಿತು. ಆ ಮಾತಿಗೆ ತೂಕವಿದೆ, ಆದರೆ ಅದರ ಹಿಂದೆ ಅಮೀನನಿಲ್ಲ.

ಹೊಸ್ತಿಲಲ್ಲಿ ಕೂತವರಿಗೆ ಉತ್ತರ 2015ರಲ್ಲಿ ಬಂತು. ಆ ಜುಲೈ 1ರಿಂದ ಜಾರಿಯಾದ ನಾಗರಿಕ ಭದ್ರತಾ ಕಾನೂನನ್ನು ಅಲ್ಲಿನ ಜನ ಬಾಯಿಕಟ್ಟುವ ಕಾನೂನು ಅಂತಲೇ ಕರೆದರು. ಕೋರ್ಟಿನ ಆಜ್ಞೆ ಜಾರಿಗೆ ಅಡ್ಡ ಬಂದರೆ 601ರಿಂದ 30,000 ಯುರೋ ತನಕ ದಂಡ. ಜೈಲಲ್ಲ, ದಂಡ. ಜೈಲಿಗೆ ಹಾಕಲು ನ್ಯಾಯಾಧೀಶ ಬೇಕು, ದಂಡಕ್ಕೆ ಅಧಿಕಾರಿ ಸಾಕು. ನ್ಯಾಯಾಧೀಶರ ಬಳಿಗೆ ಹೋಗುವುದು ಆಮೇಲಿನ ಮಾತು. ಪೊಲೀಸರ ಚಿತ್ರಗಳನ್ನು ಅನುಮತಿ ಇಲ್ಲದೆ ಬಳಸುವುದನ್ನೂ ಆ ಕಾನೂನು ತಪ್ಪಿನ ಪಟ್ಟಿಗೆ ಸೇರಿಸಿತ್ತು. 2020ರಲ್ಲಿ ಸಂವಿಧಾನ ನ್ಯಾಯಾಲಯ ಆ ಅನುಮತಿಯ ಮಾತನ್ನು ಅಳಿಸಿಹಾಕಿತು. ಸಭೆ ಸೇರಲು ಅಪ್ಪಣೆ ಬೇಡ ಅನ್ನುವ 21ನೆಯ ವಿಧಿ ಹಾಗೇ ಇದೆ. ದಿನಗೂಲಿಯವನ ಜೇಬಿನ ಮೇಲೆ 601 ಯುರೋ ಕೂತಿದೆ.

ನಮ್ಮ ಉತ್ತರ ಹೀಗೆ. ಹೊಸ್ತಿಲಲ್ಲಿ ಕೂತವರು ಮಾಡಿದ್ದು ಸರಿ, ಅದಕ್ಕೆ ನಾಲ್ಕು ಕಾರಣ. ಅವರು ಹಗಲಲ್ಲಿ, ಹೆಸರು ಮುಖ ಮುಚ್ಚದೆ ಕೂತರು. ಯಾರ ಮೈಮೇಲೂ ಕೈ ಮಾಡಲಿಲ್ಲ. ದಂಡ ಬಿದ್ದಾಗ ತಮ್ಮ ಹೆಸರಲ್ಲೇ ಬಿತ್ತು. ಕೂತಷ್ಟು ದಿನವೂ ಕೋರ್ಟು, ಸಂಸತ್ತು ಎರಡರ ಬಾಗಿಲನ್ನೂ ಬಡಿಯುತ್ತಲೇ ಇದ್ದರು. ಊರ ಬಲಾಢ್ಯ ಕಾನೂನು ಮುರಿಯುವ ರೀತಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ: ಅವನು ಕತ್ತಲಲ್ಲಿ ಮುರಿಯುತ್ತಾನೆ, ಬೇರೆಯವರ ಕೈಯಿಂದ ಮುರಿಸುತ್ತಾನೆ, ದಂಡ ತೆರುವುದಿಲ್ಲ, ಕಾನೂನು ಬದಲಾಗಲಿ ಅಂತಲೂ ಕೇಳುವುದಿಲ್ಲ. ಅವನಿಗೆ ಕಾನೂನು ಹಾಗೇ ಇರಬೇಕು, ತನಗೆ ಮಾತ್ರ ತಾಗಬಾರದು. ಹೊಸ್ತಿಲಲ್ಲಿ ಕೂತವರಿಗೆ ಕಾನೂನು ಎಲ್ಲರಿಗೂ ತಾಗಬೇಕು, ಬ್ಯಾಂಕಿಗೂ ಸೇರಿ. ಬಾಬಾಸಾಹೇಬರ ಎಚ್ಚರಿಕೆ ಮೊದಲನೆಯವನ ಮೇಲೆ ಪೂರ್ತಿ ಬೀಳುತ್ತದೆ. ಎರಡನೆಯವರಿಗೆ ಅದು ಪ್ರತಿದಿನ ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿ ಉಳಿಯುತ್ತದೆ: ದಾರಿ ಇವತ್ತಾದರೂ ತೆರೆದಿದೆಯೆ? ತೆರೆದ ದಿನ ಹೊಸ್ತಿಲಿನಿಂದ ಎದ್ದು ಒಳಗೆ ಹೋಗಬೇಕು.

ನಮ್ಮ ಸಂವಿಧಾನದಲ್ಲೂ 37ನೆಯ ವಿಧಿ ಇದೆ. ನಿರ್ದೇಶಕ ತತ್ವಗಳನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲಾಗದು ಅಂತ ಅದು ಹೇಳುತ್ತದೆ. 1948ರ ನವೆಂಬರ್ 4ರಂದು ಅಂಬೇಡ್ಕರ್ ಇದನ್ನು ಸಮರ್ಥಿಸುತ್ತ, ಅಧಿಕಾರ ಹಿಡಿದವರು ಇವಕ್ಕೆ ಕೋರ್ಟಿನಲ್ಲಿ ಉತ್ತರ ಕೊಡಬೇಕಿಲ್ಲದಿದ್ದರೂ ಚುನಾವಣೆಯಲ್ಲಿ ಮತದಾರರ ಮುಂದೆ ಉತ್ತರ ಕೊಡಲೇಬೇಕು ಅಂದಿದ್ದರು. ಬೊಂಬಾಯಿಯ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ 1985ರಲ್ಲಿ ಸುಪ್ರೀಂ ಕೋರ್ಟು, ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂದಿತು. ಮಳೆಗಾಲ ಮುಗಿದ ಮೇಲೆ ಎಬ್ಬಿಸಬಹುದು ಅಂತಲೂ ಅಂದಿತು. ಹಕ್ಕು ಮತ್ತು ಬೇಲಿ ಎರಡೂ ಒಂದೇ ತೀರ್ಪಿನಲ್ಲಿವೆ.

ಆದ್ದರಿಂದ ಹಳ್ಳಿ ಶಾಲೆಗಳ ಮೇಷ್ಟ್ರುಗಳಲ್ಲಿ, ಸಂಘಟನೆಯ ಗೆಳೆಯರಲ್ಲಿ ನಮ್ಮ ಕೋರಿಕೆ ಒಂದು. ಮಕ್ಕಳಿಗೆ ಹಕ್ಕುಗಳ ಪಟ್ಟಿ ಬಾಯಿಪಾಠ ಮಾಡಿಸಿ ನಿಲ್ಲಿಸಬೇಡಿ. ಪ್ರತಿ ಹಕ್ಕಿನ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಅಂತ ಓದಿಸಿ. ಈ ಬೇಲಿ ಯಾರನ್ನು ಕಾಯುತ್ತಿದೆ, ಯಾರನ್ನು ಹೊರಗಿಟ್ಟಿದೆ, ಅದನ್ನು ತೆಗೆಯಲು ಯಾರ ಬಾಗಿಲು ತಟ್ಟಬೇಕು ಅಂತ ಕೇಳಿಸಿ. ಕೇರಿಯಲ್ಲಿ ನೋಟೀಸು ಬಂದ ಮನೆಗೆ ಹೋಗಿ, ಆ ಕಾಗದವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಬಾರ್ಸಿಲೋನಾದ ಬಡವರು ಶುರುಮಾಡಿದ್ದೂ ಅಷ್ಟರಿಂದಲೇ.